ಮೂರನೆಯ ಕೂಗು ಗೇಟಿನ ಬಳಿ

ಅಟೆಂಡರ್ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆತಕ್ಕೆ ಒರೆಸುತ್ತಾರೆ. ಮತ್ತೆ ಅದ್ದುತ್ತಾರೆ, ಹಿಂಡುತ್ತಾರೆ. ಕೋರ್ಟಿನ ಕಾರಿಡಾರಿನ ಬಲ್ಬು ಇನ್ನೂ ಉರಿಯುತ್ತಿದೆ, ಕಿಟಕಿಯಾಚೆ ಬೆಳಕು ಈಗಷ್ಟೇ ಹರಿಯುತ್ತಿದೆ. ಕಸ ಗುಡಿಸುವಾಕೆ ಮೆಟ್ಟಿಲ ಮೇಲಿಂದ, "ಏನಣ್ಣ, ಇವತ್ತು ಎಷ್ಟು ಜನ?" ಎಂದು ಕೇಳಿದರೆ ಅವರು ಬಾಯಿ ತೆರೆಯುವುದಿಲ್ಲ. ಒದ್ದೆ ಕೈಗಳ ಹತ್ತೂ ಬೆರಳನ್ನು ಅಗಲಿಸಿ ಮೂರು ಸಲ ತೋರಿಸುತ್ತಾರೆ. "ಅಬ್ಬಾ, ಊರೇ ಮುಳುಗ್ತಿದೆ ಅನ್ನಿ" ಎಂದು ಆಕೆ ಪೊರಕೆ ಎತ್ತಿಕೊಂಡು ಹೋಗುತ್ತಾಳೆ.

ಈ ಮೌನ ಗಂಟಲಿನ ಡಾಕ್ಟರು ಹಾಕಿದ ಕಟ್ಟಳೆ. ಧ್ವನಿಯ ಎಳೆಯ ಮೇಲೆ ಸಣ್ಣ ಗಂಟೊಂದು ಎದ್ದಿದೆ, ಕೋರ್ಟು ಶುರುವಾಗುವವರೆಗೆ ಮಾತಾಡಬಾರದು. ಆಮೇಲೂ ಆಡದಿದ್ದರೆ ಒಳ್ಳೆಯದು ಅಂದರಂತೆ ಡಾಕ್ಟರು. ಆದರೆ ಇವರ ಸಂಬಳವೇ ಕೂಗಿನದು. ದಿವಾಳಿ ಅರ್ಜಿಗಳು ಬರುವ ಈ ಕೋರ್ಟಿನಲ್ಲಿ ಇವರು ಅಟೆಂಡರ್. ಒಳಗಿಂದ ಬೆಂಚ್ ಕ್ಲರ್ಕ್ ಹೆಸರು ಹೇಳುತ್ತಾರೆ, ಇವರು ಬಾಗಿಲಿಗೆ ಬಂದು ಅದನ್ನು ಹೊರಗಿನವರಿಗೆ ಕೇಳುವ ಹಾಗೆ ಕೂಗಬೇಕು. ಮೂರು ಸಲ. ಮೂರಕ್ಕೂ ಯಾರೂ ಬಾರದಿದ್ದರೆ ಗೈರುಹಾಜರಿ ಬರೆದುಕೊಳ್ಳುತ್ತಾರೆ, ಅರ್ಜಿ ಬಿದ್ದುಹೋಗಬಹುದು. ಅರ್ಜಿ ಬಿದ್ದರೆ, ಅದರ ನೆರಳಿನಲ್ಲಿ ನಿಂತಿದ್ದ ಮನೆ, ಅಂಗಡಿ, ಪಾತ್ರೆ ಪಡಗ ಎಲ್ಲ ಮತ್ತೆ ಬಿಸಿಲಿಗೆ.

ಬೆಂಚು ಒಣಗುವ ಮೊದಲೇ ಒಬ್ಬಾಕೆ ಬಂದು ತುದಿಯಲ್ಲಿ ಕೂರುತ್ತಾರೆ. ಐವತ್ತರ ಆಸುಪಾಸು. ಮುಂಗೈ ಮೇಲೆ ಬಿಸಿ ಟ್ರೇ ತಾಗಿದ ಹಳೆಯ ಗೆರೆಗಳು. ಇಲ್ಲಿ ಎಲ್ಲರೂ ಇವರನ್ನು ಬೇಕರಿಯಮ್ಮ ಅನ್ನುತ್ತಾರೆ. ಇವರ ಓವನ್ನು ಉಳಿಯುತ್ತದೋ ಹರಾಜಿಗೆ ಹೋಗುತ್ತದೋ ಎಂಬುದು ಇವತ್ತು ಗೊತ್ತಾಗಬೇಕು. ಅದು ಇವರ ಕೈಯಲ್ಲಿಲ್ಲ, ಇವರ ತಮ್ಮನ ಕೈಯಲ್ಲಿದೆ. ಆತ ಕೋರ್ಟಿಗೆ ಬಂದು ಒಂದು ಮಾತು ಹೇಳಬೇಕು.

"ಬರ್ತಾನೆ ಅಣ್ಣ. ರಾತ್ರಿ ಫೋನಲ್ಲಿ ಹೇಳಿದಾನೆ," ಎನ್ನುತ್ತಾರೆ ಬೇಕರಿಯಮ್ಮ, ಯಾರೂ ಕೇಳದಿದ್ದರೂ.

ಅಟೆಂಡರ್ ತಲೆಯಾಡಿಸಿ, ಆಕೆಯ ಪಕ್ಕದ ಒದ್ದೆ ಜಾಗವನ್ನು ಇನ್ನೊಮ್ಮೆ ಒರೆಸುತ್ತಾರೆ, ಬರುವವನಿಗೆ ಜಾಗ ಮಾಡಿದ ಹಾಗೆ.

ಕೋರ್ಟಿನ ಕೆಲಸಕ್ಕೆ ಬರುವ ಮೊದಲು ಅಟೆಂಡರ್ ಹರಾಜು ಕೂಗುತ್ತಿದ್ದರು. ಮಾರ್ಕೆಟ್ಟಿನ ಹಿಂದೆ ಒಂದು ಗೋಡೌನ್. ಸಾಲ ತೀರಿಸಲಾಗದವರ ಸಾಮಾನು ಅಲ್ಲಿಗೆ ಬರುತ್ತಿತ್ತು. ಹದಿನೆಂಟರ ವಯಸ್ಸು, ಕಂಚಿನಂಥ ಗಂಟಲು. "ಅಲ್ಲಿ ಬೇಗ ಕೂಗಿದಷ್ಟೂ ಲಾಭ. ಒಂದ್ಸಾರಿ ಎರಡ್ಸಾರಿ ಮೂರ್ಸಾರಿ, ಒಂದೇ ಉಸಿರು. ಮೂರು ಅಂದ್ಮೇಲೆ ಮಾಲು ಇನ್ನೊಬ್ಬರದು," ಎಂದು ಅವರು ಮಧ್ಯಾಹ್ನದ ಬಿಡುವಿನಲ್ಲಿ, ತಮ್ಮ ಬಗ್ಗೆ ಬರೆಯಲು ಬಂದ ನನಗೆ ಪಿಸುಗುಟ್ಟಿದ್ದು ನೆನಪಿದೆ. ಅದು ಹೋದ ವಾರದ ಮಾತು. ಕೇಳಲು ಹತ್ತಿರ ಸರಿಯಬೇಕಾಯಿತು. "ಒಂದಿನ ಒಂದು ಅಂಗಡಿ ಬೋರ್ಡು ಬಂತು. ಒಳ್ಳೇ ತಗಡು. ಆದ್ರೆ ಮೇಲೆ ಹೆಸರಿದೆಯಲ್ಲ, ಇನ್ನೊಬ್ಬನ ಹೆಸರು ಯಾರಿಗೆ ಬೇಕು? ಮೂರು ಸಲ ಕೂಗಿದೆ. ಯಾರೂ ಕೇಳ್ಲಿಲ್ಲ. ಆ ಹೆಸರಿನವನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ."

ಅವರು ಅಲ್ಲಿ ಕೆಲಸ ಬಿಟ್ಟದ್ದು ಅದಕ್ಕಲ್ಲ, ಗೋಡೌನೇ ಮುಚ್ಚಿತು. "ದೊಡ್ಡ ಮನಸ್ಸು ಮಾಡಿ ಬಿಟ್ಟೆ ಅಂತ ಬರೀಬೇಡಿ ತಾಯಿ, ಮನೇಲಿ ನಗ್ತಾರೆ."

ಮನೆಯಲ್ಲಿ ನಗುವವರು ಅವರ ಹೆಂಡತಿ. ಎರಡು ಕೋಣೆಯ ಮನೆ. ಅಡುಗೆಕಟ್ಟೆಯ ಮೇಲೆ ಉಪ್ಪುನೀರಿನ ಲೋಟ ಬೆಳಗಾಗುವ ಮೊದಲೇ ಸಿದ್ಧವಾಗಿರುತ್ತದೆ. "ಈ ಗಂಟು ಬಂದಾಗಿಂದ ಬೆಳಗ್ಗೆ ಹೊತ್ತು ಜಗಳಕ್ಕೇ ಜನ ಇಲ್ಲ. ಇಬ್ಬರ ಪಾಲೂ ನಾನೇ ಆಡ್ತೀನಿ. ಗೆಲ್ಲೋದೂ ನಾನೇ," ಎನ್ನುತ್ತಾರೆ ಆಕೆ. ನಗು ಮುಗಿದ ಮೇಲೆ, ಗಂಡ ಕೇಳಿಸಿಕೊಳ್ಳದ ಹಾಗೆ ಇನ್ನೊಂದು ಮಾತು: "ಆಪರೇಷನ್ ಮಾಡಿದ್ರೆ ಧ್ವನಿ ಹೋದ್ರೂ ಹೋಯ್ತು ಅಂದಿದಾರೆ. ರಿಟೈರ್ ಆಗೋಕೆ ಇನ್ನೂ ಮೂರು ವರ್ಷ ಇದೆ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ."

ಗಂಟಲು ಕೆಡಲು ಅವರ ಒಂದು ಅಭ್ಯಾಸವೂ ಕಾರಣ. ಪಕ್ಕದ ಕೋರ್ಟುಗಳ ಅಟೆಂಡರುಗಳು ಬಾಗಿಲಲ್ಲೇ ನಿಂತು ಮೂರೂ ಕೂಗನ್ನು ಬೀಡಿ ಹಚ್ಚುವಷ್ಟರಲ್ಲಿ ಮುಗಿಸುತ್ತಾರೆ. ಇವರ ಮೊದಲ ಕೂಗು ಬಾಗಿಲಲ್ಲಿ. ಎರಡನೆಯದು ಮೆಟ್ಟಿಲ ಮೇಲ್ತುದಿಯಲ್ಲಿ. ಮೂರನೆಯದಕ್ಕೆ ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ದಾಟಿ, ಗೇಟಿನವರೆಗೆ ಹೋಗುತ್ತಾರೆ. ವಕೀಲರು ಅವರನ್ನು ‘ಮೂರ್ಕೂಗು’ ಎಂದೇ ಕರೆಯುತ್ತಾರೆ. "ಏನಪ್ಪಾ ಮೂರ್ಕೂಗು, ಗೇಟಿಗೆ ಹೋಗಿ ಬರೋಕೆ ಬಸ್ ಚಾರ್ಜ್ ಕೊಡ್ಬೇಕಾ?" ಎಂದು ಕ್ಲರ್ಕ್ ಹಂಗಿಸುತ್ತಾರೆ. ತಡ ಮಾಡುತ್ತೀರಿ ಎಂದು ಒಮ್ಮೆ ಬರವಣಿಗೆಯಲ್ಲೇ ಎಚ್ಚರಿಕೆ ಬಂದಿತ್ತು.

"ಬೇರೆ ಕೋರ್ಟಲ್ಲಿ ಹೆಸರು ಕೇಳಿದ ತಕ್ಷಣ ಎದ್ದು ಓಡಿ ಬರ್ತಾರೆ. ಇಲ್ಲಿ ಹಾಗಲ್ಲ. ಮೊದಲು ಸುತ್ತ ನೋಡ್ತಾರೆ, ಯಾರು ಯಾರು ಕೇಳಿಸ್ಕೊಂಡ್ರು ಅಂತ. ಆಮೇಲೆ ಕಾಲು ಬರಬೇಕು. ಅದಕ್ಕೆ ಸ್ವಲ್ಪ ಹೊತ್ತು ಬೇಕಲ್ವಾ?" ಎನ್ನುತ್ತಾರೆ ಅಟೆಂಡರ್.

ಇದು ಕಣ್ಣಿಗೇ ಕಾಣುತ್ತದೆ. ಈ ಕಾರಿಡಾರಿನಲ್ಲಿ ಬಾಗಿಲ ಹತ್ತಿರದ ಬೆಂಚು ಒಬ್ಬಿಬ್ಬರನ್ನು ಬಿಟ್ಟರೆ ಯಾವಾಗಲೂ ಖಾಲಿ, ದೂರದ ಗೋಡೆ ಯಾವಾಗಲೂ ತುಂಬಿರುತ್ತದೆ. ಬಂದವರು ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ ನಿಂತಿರುತ್ತಾರೆ. ಪ್ರಿಂಟಿಂಗ್ ಪ್ರೆಸ್ ಇದ್ದವರು, ಆಸ್ಪತ್ರೆಯ ಬಿಲ್ಲಿಗೆ ಮುಳುಗಿದವರು, ಸ್ನೇಹಿತನಿಗೆ ಜಾಮೀನು ನಿಂತು ತಾವೇ ಸಿಕ್ಕಿಬಿದ್ದವರು. "ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದೆ ಕಣ್ರೀ. ಹಾಸಿಗೇನೇ ಎಳ್ಕೊಂಡು ಹೋದ್ರು," ಎಂದು ಒಬ್ಬ ಮುದುಕ ಅಂದಾಗ ಗೋಡೆಗುಂಟ ಎಲ್ಲರೂ ನಗುತ್ತಾರೆ. ಬಾಗಿಲು ಕಿರುಗುಟ್ಟಿದರೆ ನಗು ನಿಲ್ಲುತ್ತದೆ.

ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಉಚಿತ ಕಾನೂನು ನೆರವಿನ ವಕೀಲೆ ಕೂರುತ್ತಾರೆ. ಅವರು ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ. "ದಿವಾಳಿ ಅಂದ್ರೆ ಸಾಲಮನ್ನಾ ಅಲ್ಲಮ್ಮ. ಇರೋದನ್ನೆಲ್ಲ ಇದ್ದ ಹಾಗೆ ತೆರೆದು ಇಡೋದು. ಯಾರಿಗೆ ಎಷ್ಟು ಕೊಡ್ಬೇಕು, ನಿಮ್ಮ ಹತ್ರ ಏನೇನಿದೆ, ಎಲ್ಲಾ." ಅರ್ಜಿ ಒಳಗೆ ಹೋದ ಮೇಲೆ ಸಾಲ ಕೊಟ್ಟವರು ಬಾಗಿಲು ಬಡಿಯುವ ಹಾಗಿಲ್ಲ. ಕೋರ್ಟು ನೇಮಿಸಿದ ರಿಸೀವರ್ ಬಂದು ನೋಡುತ್ತಾರೆ, ಮಾರಬಹುದಾದದ್ದನ್ನು ಮಾರಿ ಎಲ್ಲರಿಗೂ ಅವರವರ ಸಾಲದ ಪ್ರಕಾರ ಹಂಚುತ್ತಾರೆ. ಹಾಸಿಗೆ, ಅಡುಗೆ ಪಾತ್ರೆ, ದುಡಿಯುವ ಸಲಕರಣೆ ಸಾಮಾನ್ಯವಾಗಿ ಉಳಿಯುತ್ತವೆ. ಪ್ರಾಮಾಣಿಕರಾಗಿ ನಡೆದುಕೊಂಡರೆ ಕೆಲವು ಕಾಲದ ನಂತರ ಉಳಿದ ಸಾಲ ಕಳಚುತ್ತದೆ. ಮಕ್ಕಳ ಜೀವನಾಂಶ, ದಂಡ, ಮೋಸದಿಂದ ತಂದದ್ದು ಮಾತ್ರ ಕಳಚುವುದಿಲ್ಲ. ಊರಿಂದ ಊರಿಗೆ ಕಾನೂನು ಸ್ವಲ್ಪ ಬೇರೆ ಇರುತ್ತದೆ, ಆದರೆ ಬೆನ್ನೆಲುಬು ಇದೇ ಎನ್ನುತ್ತಾರೆ ಅವರು.

ಹಾಗಾದರೆ ವಕೀಲರು ಯಾರಿಗೆ ಬೇಕು? "ಬರೀ ಸಂಬಳ, ಬರೀ ಸಾಲ, ಯಾರದ್ದೂ ತಕರಾರಿಲ್ಲ ಅಂದ್ರೆ ಒಬ್ಬರೇ ನಡೆಸಬಹುದು. ಮನೆ ಇದ್ರೆ, ಅಂಗಡಿ ಇದ್ರೆ, ಜಾಮೀನು ಹಾಕಿದವರಿದ್ರೆ, ಮೋಸ ಮಾಡಿದಾರೆ ಅಂತ ಯಾರಾದ್ರೂ ಅಂದಿದ್ರೆ ಒಬ್ಬರೇ ಬರಬೇಡಿ. ಅರ್ಜಿಗೆ ಮೊದಲು ಮನೆಯವರಿಗೆ ಏನಾದ್ರೂ ಬರೆದು ಕೊಟ್ಟಿದ್ರೆ ಅಂತೂ ಆವತ್ತೇ ಬನ್ನಿ. ಅರ್ಜಿ ಹಾಕೋಕೆ ಮುಂಚೆ."

ಜನ ಎಡವುವುದು ಈ ಕೊನೆಯ ಕಲ್ಲಿಗೇ. ಮುಳುಗುವ ಹೊತ್ತಿಗೆ ಕೈಯಲ್ಲಿದ್ದದ್ದನ್ನು ಅಣ್ಣನಿಗೋ ತಂಗಿಗೋ ಕೊಟ್ಟು, ಮನೆಯವರ ಋಣ ಮೊದಲು ತೀರಿಸಿದೆ ಎಂದು ನೆಮ್ಮದಿಯಾಗಿ ಬರುತ್ತಾರೆ. ಮನೆಯಲ್ಲಿ ಅದು ಮರ್ಯಾದೆ, ಕೋರ್ಟಿನಲ್ಲಿ ಅದು ಉಳಿದ ಸಾಲ ಕೊಟ್ಟವರ ಪಾಲು ತಪ್ಪಿಸಿದ್ದು.

ಅಟೆಂಡರ್ ಸಲಹೆ ಕೊಡುವ ಹಾಗಿಲ್ಲ. ಕೊಟ್ಟರೆ ಕೆಲಸಕ್ಕೇ ಕುತ್ತು. ಹೊಸಬರು ಕಂಡರೆ ನೀರು ಕೊಡುವ ನೆಪದಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: "ಮನೆಯವರಿಗೆ ಏನಾದ್ರೂ ಕೊಟ್ಟಿದೀರಾ?" ಎದುರಿನವರು ಸುಮ್ಮನಾದರೆ ಮೆಟ್ಟಿಲ ಪಕ್ಕದ ಬಾಗಿಲು ತೋರಿಸುತ್ತಾರೆ. ಅಷ್ಟೇ.

ಬೇಕರಿಯಮ್ಮನಿಗೂ ತೋರಿಸಿದ್ದರು. ಆಕೆ ಆಗ ಹೋಗಲಿಲ್ಲ. "ವಕೀಲರಿಗೆ ಕೊಡೋಕೆ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಅಂದ್ಕೊಂಡೆ. ಫೀಸಿಲ್ಲದ ವಕೀಲರು ಅಂದ್ರೆ ಹಳಸಿದ ಬನ್ನಿನ ಹಾಗೆ ಅಂತಾನೂ ಅಂದ್ಕೊಂಡೆ. ತಪ್ಪು ನಂದೇ," ಎನ್ನುತ್ತಾರೆ. ಒಬ್ಬರೇ ಅರ್ಜಿ ಹಾಕಿದರು. ಎರಡನೇ ಬಾರಿ ಬಂದಾಗ ಸಾಲ ಕೊಟ್ಟ ಕಂಪನಿಯ ವಕೀಲರು ಎದ್ದು ಕೇಳಿದರು: ಬ್ರೆಡ್ಡು ಸಾಗಿಸುತ್ತಿದ್ದ ಹಳದಿ ವ್ಯಾನು ಎಲ್ಲಿ?

ವ್ಯಾನನ್ನು ತಮ್ಮನ ಹೆಸರಿಗೆ ಬರೆದುಕೊಟ್ಟಾಗಿತ್ತು. ಓವನ್ನು ಕೊಳ್ಳುವಾಗ ತನ್ನ ಹೆಂಡತಿಯ ಬಳೆ ಬಿಚ್ಚಿಸಿ ಹಣ ತಂದುಕೊಟ್ಟವನು ಆ ತಮ್ಮ. "ಅವನಿಗೆ ಬರಿಗೈ ತೋರಿಸಿ ಕಂಪನಿಗೆ ಕೊಡ್ಲಾ? ಅತ್ತಿಗೆ ಅಂತ ಕರೆಯೋ ಹುಡುಗಿ ಅಲ್ಲ ಅವಳು, ಅಕ್ಕ ಅಂತಾಳೆ ನನ್ನ. ಅವಳ ಬೋಳು ಕೈ ನೋಡ್ಕೊಂಡು ಹೇಗೆ ಕೂರಲಿ?" ಈಗ ತಮ್ಮ ಆ ವ್ಯಾನಿನಲ್ಲೇ ಸಾಮಾನು ಸಾಗಿಸಿ ಮನೆ ನಡೆಸುತ್ತಾನೆ.

ನ್ಯಾಯಾಧೀಶರು ಅವಕಾಶ ಕೊಟ್ಟಿದ್ದಾರೆ. ತಮ್ಮ ಬಂದು ವ್ಯಾನು ರಿಸೀವರಿಗೆ ಒಪ್ಪಿಸುತ್ತೇನೆ ಎಂದರೆ ಅರ್ಜಿ ಮುಂದುವರಿಯುತ್ತದೆ, ಓವನ್ನು ದುಡಿಯುವ ಸಲಕರಣೆ ಎಂದು ಉಳಿಯುತ್ತದೆ. ಬಾರದಿದ್ದರೆ, ಬೇಕೆಂದೇ ಮುಚ್ಚಿಟ್ಟದ್ದು ಎಂದು ಅರ್ಜಿ ವಜಾ. ಕಂಪನಿಯ ಲಾರಿ ಮರುದಿನವೇ ಬೇಕರಿಯ ಮುಂದೆ ನಿಲ್ಲಬಹುದು. ಉಚಿತ ನೆರವಿನ ವಕೀಲೆ ಈಗ ಬೇಕರಿಯಮ್ಮನ ಪರವಾಗಿ ಒಳಗೆ ಕೂತಿದ್ದಾರೆ. "ಅವತ್ತೇ ಬಂದಿದ್ರೆ ಈ ಇಕ್ಕಟ್ಟೇ ಇರ್ತಿರ್ಲಿಲ್ಲ. ಇರಲಿ, ಇವತ್ತು ಅವರು ಬಂದ್ರೆ ಸಾಕು," ಎನ್ನುತ್ತಾರೆ, ಬಾಗಿಲ ಕಡೆ ನೋಡುತ್ತ.

ಕೋರ್ಟು ಶುರುವಾಗುತ್ತದೆ. ಉಪ್ಪುನೀರು, ಮೌನ ಎಲ್ಲ ಕೂಡಿಟ್ಟ ಗಂಟಲಿನಿಂದ ಮೊದಲ ಹೆಸರು ಹೊರಡುತ್ತದೆ, ಹಿಂದೆಯೇ ‘ಅವರೇ’ ಎಂದು ಸೇರಿಸಿ. ಬರೀ ಹೆಸರು ಕೂಗಿದರೆ ಸಾಕು ಎಂದು ಯಾರೋ ಹೇಳಿದ್ದಕ್ಕೆ, "ಅವರೇ ಅಂದ್ರೆ ಸರ್ಕಾರಕ್ಕೆ ಖರ್ಚು ಜಾಸ್ತಿ ಆಗುತ್ತಾ ಸಾರ್?" ಎಂದಿದ್ದರಂತೆ. ಒಬ್ಬೊಬ್ಬರೇ ಗೋಡೆಯಿಂದ ಕಳಚಿಕೊಂಡು ಒಳಗೆ ಹೋಗುತ್ತಾರೆ. ಹತ್ತು ಹೆಸರಿನ ಹೊತ್ತಿಗೆ ಧ್ವನಿಯಲ್ಲಿ ಮರಳು ಸೇರುತ್ತದೆ. ಇಪ್ಪತ್ತರ ಹೊತ್ತಿಗೆ ಒಂದೊಂದು ಅಕ್ಷರ ಗಾಳಿಯಾಗಿ ಹೋಗುತ್ತದೆ.

ಬೇಕರಿಯಮ್ಮ ಮೊಬೈಲು ಕಿವಿಗಿಟ್ಟು ತೆಗೆಯುತ್ತಾರೆ. "ದಾರೀಲಿದೀನಿ ಅಕ್ಕ ಅಂದ. ಬಂದೇ ಬಿಟ್ಟ ಅಂದ್ಕೊಳಿ." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಿವಿಗಿಡುತ್ತಾರೆ. ಈ ಸಲ ರಿಂಗ್ ಮುಗಿಯುವವರೆಗೆ ಹಿಡಿದಿದ್ದು ಕೆಳಗಿಡುತ್ತಾರೆ. ಪಕ್ಕದ ಜಾಗಕ್ಕೆ ಕೈಚೀಲ ಇಟ್ಟಿದ್ದಾರೆ, ಇನ್ಯಾರೂ ಕೂರದ ಹಾಗೆ.

ಹೋದ ವಾರದ ಆ ಬಿಡುವಿನಲ್ಲಿ ಅಟೆಂಡರನ್ನು ಕೇಳಿದ್ದೆ, ನಿಮ್ಮ ಆಸೆ ಏನು ಎಂದು. ಸಂಬಳವೋ ಆಪರೇಷನ್ನೋ ಹೇಳಬಹುದೆಂದುಕೊಂಡಿದ್ದೆ. "ಕೂಗಿದಾಗ ‘ಬಂದೆ’ ಅನ್ನಬೇಕು. ಬರೋದು ತಡ ಆದ್ರೂ ಚಿಂತಿಲ್ಲ. ಆ ಒಂದು ಮಾತು ಬಿದ್ರೆ ಗಂಟಲಿನ ನೋವು ಗೊತ್ತಾಗಲ್ಲ."

ಬೇಕರಿಯಮ್ಮನ ಹೆಸರು ಬರುತ್ತದೆ. ಆಕೆ ಮೊದಲ ಕೂಗಿಗೇ "ಬಂದೆ" ಎಂದು ಎದ್ದು ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಒಳಗೆ ಕಂಪನಿಯ ವಕೀಲರ ಧ್ವನಿ, ಆಮೇಲೆ ಉಚಿತ ನೆರವಿನ ವಕೀಲೆಯ ಧ್ವನಿ. ಬಾಗಿಲು ತೆರೆದು ಅಟೆಂಡರ್ ಹೊರಬರುತ್ತಾರೆ. ಕರೆಯಬೇಕಾದ್ದು ತಮ್ಮನನ್ನು.

ಮೊದಲ ಕೂಗು ಕಾರಿಡಾರಿನ ಉದ್ದಕ್ಕೂ ಹೋಗುತ್ತದೆ. ಗೋಡೆಯ ಬಳಿಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಯಾರೂ ಎದ್ದೇಳುವುದಿಲ್ಲ. ಬೆಂಚಿನ ಮೇಲೆ ಕೈಚೀಲ ಒಂದೇ ಇದೆ.

ಎರಡನೆಯದಕ್ಕೆ ಮೆಟ್ಟಿಲ ಮೇಲ್ತುದಿಯಲ್ಲಿ ನಿಲ್ಲುತ್ತಾರೆ. ಕೆಮ್ಮು ಬರುತ್ತದೆ. ಕಂಬಿ ಹಿಡಿದು ಅದನ್ನು ನುಂಗಿಕೊಂಡು ಕೂಗುತ್ತಾರೆ. ಕೆಳಗಿನಿಂದ ಟೈಪ್ ಮಾಡುವ ಸದ್ದು ಮಾತ್ರ. "ಸಾಕು ಬಾರಯ್ಯ, ಸಾಹೇಬರು ಕಾಯ್ತಿದಾರೆ," ಎಂದು ಕ್ಲರ್ಕ್ ಬಾಗಿಲಿನಿಂದ ತಲೆ ಹಾಕುತ್ತಾರೆ. ಅಟೆಂಡರ್ ತಿರುಗಿ ನೋಡುವುದಿಲ್ಲ. ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಅವರನ್ನು ಹಿಂಬಾಲಿಸುವಾಗ ನನಗೂ ಬೇಗ ನಡೆಯಲು ಧೈರ್ಯವಾಗುವುದಿಲ್ಲ.

ಗೇಟಿನಾಚೆ ರಸ್ತೆಯ ಎದುರಿಗೆ ಒಂದು ಹಳದಿ ವ್ಯಾನು ನಿಂತಿದೆ. ಹಿಂಬಾಗಿಲಿಗೆ ಹೊಸ ಬಣ್ಣ ಬಳಿದಿದ್ದಾರೆ, ಆದರೂ ಅದರಡಿಯ ಬ್ರೆಡ್ಡಿನ ಚಿತ್ರ ಇನ್ನೂ ಇಣುಕುತ್ತಿದೆ. ಎಂಜಿನ್ ಚಾಲೂ ಇದೆ. ಗಾಜು ಏರಿಸಿದೆ. ಒಳಗೊಬ್ಬ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೇರ ಮುಂದೆ ನೋಡುತ್ತ ಕೂತಿದ್ದಾನೆ.

ಅಟೆಂಡರ್ ಗೇಟಿನ ಕಂಬಿಯ ಬಳಿ ನಿಲ್ಲುತ್ತಾರೆ. ಅದರಾಚೆ ತನ್ನ ಕೂಗು ನಡೆಯುವುದಿಲ್ಲ, ಅಲ್ಲಿ ಅದು ಬರೀ ಗಲಾಟೆ ಎಂದು ಅವರೇ ಹೇಳಿದ್ದರು. ಉಸಿರು ಎಳೆದುಕೊಳ್ಳುತ್ತಾರೆ. ಮೂರನೆಯ ಸಲ ಆ ಹೆಸರು ಕೂಗುತ್ತಾರೆ. ಕೊನೆಯ ಅಕ್ಷರ ಒಡೆದು ಗಾಳಿಯಾಗುತ್ತದೆ. ವ್ಯಾನಿನೊಳಗಿನ ತಲೆ ಸ್ವಲ್ಪ ತಗ್ಗುತ್ತದೆ.

ಹೆಸರಿನ ಹಿಂದೆ ‘ಅವರೇ’ ಬಿಟ್ಟು ಇನ್ನೇನೂ ಸೇರಿಸುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ಸೇರಿಸಿಯೂ ಇಲ್ಲ. ಈಗ ಸೇರಿಸುತ್ತಾರೆ, ಉಳಿದಿರುವಷ್ಟು ಗಂಟಲಿನಲ್ಲಿ.

"ನಿಮ್ಮಕ್ಕ ಒಳಗೆ ನಿಂತಿದಾರೆ. ಒಂದ್ಸಲ ಬನ್ನಿ."

ಎಂಜಿನ್ ಸದ್ದು ಹಾಗೇ ಇದೆ. ಗಾಜು ಇಳಿಯುವುದಿಲ್ಲ.