ಕಿನುಯೊ ಅಜ್ಜಿಯ ಮೂಲಂಗಿ

ಜಪಾನಿನ ಉತ್ತರದ ತುದಿಯಲ್ಲಿ, ಸೆರೆಮನೆಯಿಂದಲೇ ಬೆಳೆದ ನಮ್ಮ ಅಬಾಶಿರಿ ಊರಿನಲ್ಲಿ ಚಳಿಗೆ ಹೆಪ್ಪುಗಟ್ಟಿದ ನೆಲ ಪ್ರತಿ ವಸಂತದಲ್ಲೂ ಕಲ್ಲುಗಳನ್ನು ಮೇಲಕ್ಕೆ ತಳ್ಳುತ್ತದೆ. ಪಕ್ಕದ ಹೊಲದ ಕಿನುಯೊ ಅಜ್ಜಿ ಮದುವೆಯಾಗಿ ಬಂದ ವರ್ಷ ರಸ್ತೆ ಬದಿಯ ತನ್ನ ಹೊಲದಲ್ಲಿ ಹೀಗೇ ಮೇಲೆದ್ದ ಕಬ್ಬಿಣದ ಗುಂಡೊಂದನ್ನು ತಂದು, ಉಪ್ಪು ಹಾಕಿದ ಮೂಲಂಗಿಯನ್ನು ಅದುಮಲು ಪೀಪಾಯಿಯ ಮೇಲೆ ಹೇರಿದ್ದಳು; ಇಂದಿಗೂ ಅದೇ ಗುಂಡು. ಅವಳ ಉಪ್ಪಿನಕಾಯಿ ತಿನ್ನದ ಮನೆ ನಮ್ಮಲ್ಲಿಲ್ಲ.

ಈ ವಸಂತದಲ್ಲಿ ಅದೇ ಜಾಗದಲ್ಲಿ ಸರಪಳಿಯೊಂದು ಎದ್ದಿತು. ಎಳೆದರೆ, ಅದರ ಬಳೆಯೊಳಗೆ ಮನುಷ್ಯನ ಕಾಲಿನ ಮೂಳೆ!

"ಮುತ್ತಾತನ ಕಾಲದಲ್ಲಿ ಈ ರಸ್ತೆ ಕಡಿದ ಕೈದಿ ಕಣಜ್ಜಿ," ಎಂದೆ. "ಸತ್ತವರನ್ನ ಬೇಡೀನೂ ಬಿಚ್ಚದೆ ರಸ್ತೆ ಬದೀಲೇ ಹೂಳ್ತಿದ್ರಂತೆ, ಪಾಪಿಗಳು!"

ಸರಪಳಿಯ ಇನ್ನೊಂದು ತುದಿ ಮುರಿದಿತ್ತು. ಅಜ್ಜಿ ಆ ತುದಿಯನ್ನು ಕೈಗೆತ್ತಿಕೊಂಡು ನೋಡಿದಳು.

"ಅಯ್ಯೋ, ನನ್ನ ಪೀಪಾಯಿ ಗುಂಡಲ್ಲೂ ಹಿಂಗೇ ಒಂದು ಮುರುಕು ಕೊಂಡಿ ಐತಲ್ಲೋ! ಅವನ ಕಾಲಿನ ಭಾರ ಹೇರಿ ಊರಿಗೆಲ್ಲಾ ತಿನ್ನಿಸಿಬಿಟ್ಟೆನಲ್ಲೋ!"