ಸೆರಗಿರುವ ಸ್ಟಾಂಪು

ನನ್ನ ಹೊಲಿಗೆ ಬಿಟ್ಟುಹೋಯಿತು ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಹೇಳಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಬರೆಯಹೊರಟಿರುವುದರಲ್ಲಿ ಕಳಚಿ ಬಿದ್ದದ್ದು, ವಾಪಸು ಬಂದದ್ದು ಬೇಕಾದಷ್ಟಿದೆ. ಅದೆಲ್ಲ ಗೋಂದಿನ ಕೆಲಸ, ನೂಲಿನದ್ದಲ್ಲ.

ನಾನು ಮಂಡೆಕೋಲಿನ ಕಡೆಯ ಗೌಡರ ಮನೆಯ ಮಗಳು. ಮದುವೆಯಾಗಿ ಕುಂಬ್ರಕ್ಕೆ ಬರುವಾಗ ತವರಿನಿಂದ ಒಂದು ಕೈಮೆಷಿನನ್ನೂ ಜೊತೆಗೆ ತಂದಿದ್ದೆ. ಗಂಡ ಪುತ್ತೂರಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾಗಿ ಜಗಲಿಯ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ. ಮನೆಯವರೆಲ್ಲ ಇನ್ನೂ ಅವರ ಮೂರನೇ ಕ್ಲಾಸಿನ ಮಕ್ಕಳೇ ಆಗಿದ್ದೆವು.

ಆಣೆ ಹೋಗಿ ನಯಾಪೈಸೆ ಬಂದ ಹೊಸತು ಅದು. ನಮ್ಮ ಕಡೆ ಹೆಂಗಸರ ರವಿಕೆ ಹೊಲಿಯುವವರೂ ಗಂಡಸರೇ. ಪೇಟೆಯ ದರ್ಜಿಯ ಎದುರು ಅಳತೆಗೆ ನಿಲ್ಲುವುದೆಂದರೆ ಹಳ್ಳಿಯ ಹೆಂಗಸರಿಗೆ ನೆಲ ಬಾಯಿ ಬಿಟ್ಟು ತಮ್ಮನ್ನು ನುಂಗಬಾರದೇ ಎನಿಸುತ್ತಿತ್ತು. ಹಾಗಾಗಿ ಹಳೆಯ ರವಿಕೆಯೊಂದನ್ನು ಕೊಟ್ಟು ಇದರ ಹಾಗೇ ಇರಲಿ ಎನ್ನುತ್ತಿದ್ದರು. ಹಳೆಯದು ಕಂಕುಳಲ್ಲಿ ಬಿಗಿಯಾಗಿದ್ದರೆ ಹೊಸತೂ ಬಿಗಿ. ಒಬ್ಬಳು ಹೆಂಗಸು ಜೀವಮಾನವಿಡೀ ಕೈ ಮೇಲೆತ್ತದೆ ಕಳೆಯಬೇಕಾದರೂ ಸರಿಯೇ!

ನಾನು ತವರಿನವರಿಗೆ ಒಂದು ಉಪಾಯ ಹೇಳಿಕೊಟ್ಟೆ. ಮನೆಯಲ್ಲೇ ನೂಲು ಹಿಡಿದು ಅಳತೆ ತೆಗೆದು ಕತ್ತರಿಸಿ. ತೋಳಿನ ನೂಲಿಗೆ ಒಂದು ಗಂಟು, ಎದೆಯ ನೂಲಿಗೆ ಎರಡು, ಬೆನ್ನಿನದ್ದಕ್ಕೆ ಮೂರು. ಕವರಿಗೆ ಹಾಕಿ ಅಂಚೆಯಲ್ಲಿ ಕಳಿಸಿ. ಬಟ್ಟೆ ನಾನೇ ಪುತ್ತೂರಿನಿಂದ ತರಿಸಿ ಹೊಲಿದು ಕಳಿಸುತ್ತೇನೆ. ಓದುಬರಹ ಇಲ್ಲದವರ ಅಳತೆಯೂ ಹೀಗೆ ತಪ್ಪದೆ ಬಂತು. ಸುದ್ದಿ ಮಂಡೆಕೋಲಿನಿಂದ ಸುಳ್ಯಕ್ಕೆ, ಅಲ್ಲಿಂದ ಹೊಳೆ ದಾಟಿ ಕಡಬದ ಆಚೆಗೂ ಹೋಯಿತು. ನಾನು ಮುಖವನ್ನೇ ನೋಡದ ಹೆಂಗಸರ ಬೆನ್ನಿನ ಅಗಲ ನನಗೆ ಬಾಯಿಪಾಠವಾಗಿತ್ತು.

ಹೊಲಿದದ್ದನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಬಹುದಿತ್ತು. ಎಲ್ಲರೂ ಎಲ್ಲವನ್ನೂ ಕಳಿಸುತ್ತಿದ್ದದ್ದು ಹಾಗೆಯೇ. ಆದರೆ ಒಮ್ಮೆ ಒಬ್ಬ ಕಂಡಕ್ಟರ ನನ್ನ ಕಟ್ಟನ್ನು ದಾರಿಯ ಚಾ ಅಂಗಡಿಯಲ್ಲಿ ಇಟ್ಟು ಹೋದ. ಯಾರದ್ದೆಂದು ತಿಳಿಯಲು ಅಂಗಡಿಯವನು ಅದನ್ನು ಬಿಚ್ಚಿ, ಕೆಂಪು ರವಿಕೆಯನ್ನು ಮೇಜಿನ ಮೇಲೆ ಹರಡಿ, ಚಾಕ್ಕೆ ಬಂದ ಗಂಡಸರಲ್ಲೆಲ್ಲ, "ಇದು ಯಾರ ಮನೆದ್ದು ಮಾರಾಯ್ರೆ?" ಎಂದು ವಿಚಾರಿಸಿದನಂತೆ. ಪಾಪ, ಅವನು ಉಪಕಾರ ಮಾಡಿದ್ದು. ರವಿಕೆಯ ಒಡತಿ ಮಾತ್ರ ಬಹಳ ದಿನ ಆ ದಾರಿಯಲ್ಲಿ ನಡೆಯಲಿಲ್ಲ. ಅಂದಿನಿಂದ ನನ್ನ ವ್ಯವಹಾರವೆಲ್ಲ ಅಂಚೆಯಲ್ಲೇ ಆಯಿತು.

ಅಂಚೆಗೆ ಕೊಡಬೇಕಾದರೆ ಕಟ್ಟಬೇಕು. ಕಾಗದದಲ್ಲಿ ಕಟ್ಟಿದರೆ ನಮ್ಮ ಮಳೆಗಾಲದಲ್ಲಿ ಚೀಲದೊಳಗೇ ಅದು ಅಂಬಲಿಯಾಗುತ್ತದೆ. ಹಾಗಾಗಿ ದಪ್ಪ ಕೋರಾ ಬಟ್ಟೆಯಲ್ಲಿ ಸುತ್ತಿ, ನಾಲ್ಕೂ ಬದಿ ಹೊಲಿದು, ಶಾಯಿಯಲ್ಲಿ ವಿಳಾಸ ಬರೆಯುತ್ತಿದ್ದೆ. ಬೇಸಗೆಯಲ್ಲಿ ಏನೂ ತೊಂದರೆ ಬರಲಿಲ್ಲ. ಮಳೆ ಹಿಡಿದ ಮೇಲೆ ಗೊತ್ತಾಯಿತು, ಸ್ಟಾಂಪಿನ ಗೋಂದಿಗೂ ಬಟ್ಟೆಗೂ ಆಗಿಬರುವುದಿಲ್ಲ ಎಂದು. ತೇವ ತಾಗಿದ ಕೂಡಲೇ ಸ್ಟಾಂಪು ಮೆಲ್ಲನೆ ಸುರುಳಿಯಾಗಿ ಕಳಚಿಕೊಳ್ಳುತ್ತಿತ್ತು. ಸ್ಟಾಂಪಿಲ್ಲದ ಕಟ್ಟು ಊರು ಮುಟ್ಟಿದರೆ ಅದು ಬೇರಿಂಗು. ಪಡೆಯುವವರು ಎರಡು ಪಾಲು ಕೊಟ್ಟು ಬಿಡಿಸಿಕೊಳ್ಳಬೇಕು. ಗಂಡಸರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹೆಂಗಸರು ಎಲ್ಲಿಂದ ಕೊಡುತ್ತಾರೆ? ಕಟ್ಟು ಹಿಂದೆ ಬರುತ್ತಿತ್ತು.

ಮೊದಲನೆಯದು ಹಿಂದೆ ಬಂದಾಗ ಮಾವ ದಂಡ ಕೊಟ್ಟು ಬಿಡಿಸಿಕೊಂಡರು. ಎರಡನೆಯದು ಬಂದಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುದ್ರೆಯ ಅರ್ಧ ಭಾಗ ಬಟ್ಟೆಯ ಮೇಲಿತ್ತು, ಉಳಿದರ್ಧ ಸ್ಟಾಂಪಿನ ಜೊತೆ ಹೋಗಿತ್ತು. ನನ್ನನ್ನು ಜಗಲಿಗೆ ಕರೆದರು.

"ಈ ಮನೆಯ ಹೆಸರಲ್ಲಿ ಬೇರಿಂಗು ಹೋದದ್ದು ಇಷ್ಟರವರೆಗೆ ಇಲ್ಲ. ನಾಳೆ ಜನ ಎಂತ ಹೇಳ್ಬೇಕು, ಮಾಸ್ಟ್ರ ಮನೆಯವರಿಗೆ ಸ್ಟಾಂಪಿಗೆ ಗತಿ ಇಲ್ಲ ಅಂತಲಾ? ಇನ್ನೊಂದು ವಾಪಸು ಬಂದ್ರೆ ಮೆಷಿನು ಅಟ್ಟಕ್ಕೆ. ಹೇಳಿದ್ದೇನೆ."

ಮಾವ ಹೇಳಿದ್ದೇನೆ ಎಂದರೆ ಹೇಳಿದ್ದೇ. ಗಂಡನೂ ಅವರ ಕ್ಲಾಸಿನವರೇ ಆದ್ದರಿಂದ ಅವರಿಂದ ಏನೂ ಸಹಾಯವಿರಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಟ್ಟಕ್ಕೆ ಹೋಗಲಿಕ್ಕೆ ಅದೇನು ಒಡೆದ ಭರಣಿಯೇ? ಆ ಮನೆಯಲ್ಲಿ ನನ್ನದು ಎನ್ನುವಂಥದ್ದು ಅದೊಂದೇ ಇತ್ತು.

ಮೊದಲು ಮೈದಾ ಬೇಯಿಸಿ ಅಂಟು ಮಾಡಿದೆ. ಜಿರಳೆಗೆ ಹಬ್ಬವಾಯಿತು. ಆಮೇಲೆ ಹಲಸಿನ ಮೇಣ. ಅದು ಅಂಟಿದರೆ ಪ್ರಾಣ ಹೋದರೂ ಬಿಡುವುದಿಲ್ಲ ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ನಮ್ಮ ಅಂಚೆ ಕಚೇರಿ ಇದ್ದದ್ದು ಒಂದು ದಿನಸಿ ಅಂಗಡಿಯ ಚಾವಡಿಯಲ್ಲಿ; ಅಂಗಡಿಯವರೇ ಪೋಸ್ಟ್ ಮಾಸ್ಟ್ರು. ಅವರು ಸ್ಟಾಂಪಿನ ಮೇಲೆ ಮುದ್ರೆ ಗುದ್ದಿದರು. ಮುದ್ರೆ ಮೇಲೆ ಬರಲಿಲ್ಲ. ಎಳೆದಾಗ ಸ್ಟಾಂಪನ್ನೂ ಕಚ್ಚಿಕೊಂಡು ಬಂತು.

"ಅಕ್ಕ, ಇದು ಸರಕಾರದ ಸೀಲು. ಇದಕ್ಕೆ ತೆಂಗಿನೆಣ್ಣೆ ಹಾಕಿ ಉಜ್ಜುವ ಹಾಗೆ ಮಾಡಿದ್ರಲ್ಲ!" ಎಂದರು.

ಮತ್ತೆ, ಗಟ್ಟಿ ಕಾಗದದ ಮೇಲೆ ಸ್ಟಾಂಪು ಅಂಟಿಸಿ, ಆ ಕಾಗದವನ್ನು ಕಟ್ಟಿಗೆ ಹೊಲಿದೆ. ಅದಕ್ಕೂ ಅವರು ತಲೆಯಾಡಿಸಿದರು. ಸ್ಟಾಂಪು ಕಟ್ಟಿಗೇ ಅಂಟಬೇಕಂತೆ. ಬೇರೆ ಕಾಗದದಲ್ಲಿ ಕಂಡರೆ ಯಾವುದೋ ಹಳೇ ಕವರಿನಿಂದ ಕತ್ತರಿಸಿ ತಂದದ್ದೆಂದು ಮೇಲಿನವರು ಅನುಮಾನಪಡುತ್ತಾರಂತೆ. ಇನ್ನು ಉಳಿದದ್ದು ನನಗೆ ಗೊತ್ತಿದ್ದ ವಿದ್ಯೆ. ಸ್ಟಾಂಪನ್ನೇ ಮೆಷಿನಿನ ಕೆಳಗಿಟ್ಟು ನಾಲ್ಕೂ ಸುತ್ತ ಹೊಲಿದೆ. ದೇಶದ ನಕ್ಷೆಯಿದ್ದ ಸ್ಟಾಂಪು ಅದು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಸಮನೆ ಹೊಲಿಗೆ. ಎಷ್ಟು ಚಂದ ಕಂಡಿತೆಂದರೆ ಮುದ್ರೆ ಬೀಳಬಾರದೆಂದೇ ಅನಿಸಿತು.

ಮುದ್ರೆ ಬೀಳಲೂ ಇಲ್ಲ. "ತೂತು ಬಿದ್ದ ಸ್ಟಾಂಪು ನಡೀಲಿಕ್ಕಿಲ್ಲ" ಎಂದರು ಪೋಸ್ಟ್ ಮಾಸ್ಟ್ರು.

"ಸ್ಟಾಂಪಿಗೆ ಸುತ್ತ ತೂತು ಇಟ್ಟೇ ಕೊಡುದಲ್ವಾ ನೀವು?" ನಾನೂ ಬಿಡಲಿಲ್ಲ.

"ಅದು ಸರಕಾರ ಮಾಡಿದ ತೂತು ಅಕ್ಕ. ಇದು ನೀವು ಮಾಡಿದ್ದು."

ಕಟ್ಟನ್ನು ಎತ್ತಿಕೊಂಡು ಮನೆಗೆ ಬಂದೆ. ಅವರು ಒಳ್ಳೆಯವರೇ, ನಿಯಮದಲ್ಲಿ ಇಲ್ಲದ್ದನ್ನು ಮಾಡಿ ಬೈಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ.

ಅದೇ ವಾರ ಪಕ್ಕದ ಮುಸ್ಲಿಂ ಮನೆಯ ಬ್ಯಾರಿ ಅಕ್ಕ ಬಂದರು. ಕಡಬದ ಆಚೆ ಇರುವ ಅವರ ತಂಗಿಯ ಮಗಳಿಗೆ ಮದುವೆ. ಅವರ ಕಡೆಯ ಉದ್ದ ತೋಳಿನ ರವಿಕೆ, ಕುಪ್ಪಾಯ, ಮೂರು ಬೇಕು. ಗಂಟು ಹಾಕಿದ ನೂಲುಗಳು ಆಗಲೇ ಬಂದಿದ್ದವು. "ನಿನ್ನ ಕೈದೇ ಆಗ್ಬೇಕಂತೆ ತಂಗಿ. ಹೊಳೆ ತುಂಬಿದೆ, ಬಸ್ಸು ಈಚೆ ದಡದಲ್ಲೇ ನಿಲ್ಲುದು. ದೋಣಿಯಲ್ಲಿ ತಪ್ಪದೆ ದಾಟುವವ ಅಂಚೆಯವ ಒಬ್ಬನೇ" ಎಂದರು.

ಹೊಲಿಯುವುದೇನೋ ಹೊಲಿದೆ. ತೋಳಿನ ತುದಿಗೆ ಹಸಿರು ನೂಲಿನಲ್ಲಿ ಸಣ್ಣ ಬಳ್ಳಿ ಬಿಡಿಸಿದೆ. ಆದರೆ ಕಳಿಸಲು ಧೈರ್ಯ ಬರಲಿಲ್ಲ. ಇದು ಹಿಂದೆ ಬಂದರೆ ಮದುಮಗಳಿಗೆ ಕುಪ್ಪಾಯವಿಲ್ಲ, ನನಗೆ ಮೆಷಿನಿಲ್ಲ.

ಗುಂಡಿ, ನೂಲು ತರುವ ನೆಪದಲ್ಲಿ ಗಂಡನ ಜೊತೆ ಪುತ್ತೂರಿಗೆ ಹೋದೆ. ಅಲ್ಲಿಯ ಅಂಚೆ ಕಚೇರಿಯ ಕಿಟಕಿಯ ಎದುರು ನಿಂತಿದ್ದಾಗ ಮೊದಲ ಸಲ ಇಡೀ ಹಾಳೆಯನ್ನು ಕಂಡೆ. ನಮ್ಮ ಊರಿನಲ್ಲಿ ನಾಲ್ಕೋ ಆರೋ ಬಿಡಿ ಸ್ಟಾಂಪು ಕಂಡವಳು ನಾನು. ಇಲ್ಲಿ ಒಂದು ಸೀರೆಯನ್ನು ಬಿಚ್ಚಿ ಹಾಸಿದ ಹಾಗೆ ಹಾಳೆ ಮೇಜಿನ ಮೇಲೆ ಬಿದ್ದಿತ್ತು. ಅದರ ನಾಲ್ಕೂ ಸುತ್ತ, ಬೆರಳಗಲ, ಏನೂ ಅಚ್ಚಾಗದ ಬಿಳಿ ಪಟ್ಟಿ. ಗುಮಾಸ್ತರು ಸ್ಟಾಂಪನ್ನು ಹರಿದು ಕೊಟ್ಟು ಆ ಪಟ್ಟಿಯನ್ನು ಕೆಳಗೆ ಎಸೆಯುತ್ತಿದ್ದರು.

ಯಾವ ದರ್ಜಿಯೂ ಬಟ್ಟೆಯ ಮುಖದ ಮೇಲೆ ಹೊಲಿಯುವುದಿಲ್ಲ. ಹೊಲಿಗೆಗೆಂದೇ ಅಂಚಿನಲ್ಲಿ ಒಂದಿಷ್ಟು ಬಿಟ್ಟುಕೊಂಡು ಅದರಲ್ಲಿ ಹೊಲಿಯುತ್ತಾನೆ. ಸರಕಾರವೂ ಬಿಟ್ಟಿದೆ! ಬಿಟ್ಟದ್ದನ್ನು ನೋಡದೆ ನಾನು ಅರ್ಧ ಮಳೆಗಾಲ ಹಲಸಿನ ಮೇಣ ತಿಕ್ಕಿದ್ದೆ.

"ನಂಗೆ ಬದಿಯದ್ದು ಬೇಕು. ಮೂಲೆದ್ದಾದ್ರೆ ಇನ್ನೂ ಒಳ್ಳೆದು. ಆ ಬಿಳಿ ಪಟ್ಟಿ ಹರಿಬೇಡಿ, ಹಾಗೇ ಕೊಡಿ" ಎಂದೆ.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಎಂತ ಮಾರಾಯ್ರೆ, ಸ್ಟಾಂಪಿಗೂ ಸೆರಗು ಬೇಕಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಗಂಡ ಗೋಡೆಯ ಮೇಲಿದ್ದ ಸೂಚನೆಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ನಾನು ಅಲುಗಲಿಲ್ಲ. ಬೇಕು ಎಂದೆ. ಕೊಟ್ಟರು.

ಮನೆಗೆ ಬಂದು ಕೆಲಸಕ್ಕೆ ಕುಳಿತೆ. ಒತ್ತಾಗಿ ಹೊಲಿದರೆ ಕಾಗದ ಅಲ್ಲಿಗೇ ಹರಿಯುತ್ತದೆ. ಅದಕ್ಕೆ ಉದ್ದುದ್ದ ಹೊಲಿಗೆ ಇಟ್ಟುಕೊಂಡೆ. ಪಟ್ಟಿಗೂ ಸ್ಟಾಂಪಿಗೂ ನಡುವೆ ಇರುವ ತೂತಿನ ಸಾಲು ಬಿಟ್ಟುಕೊಳ್ಳುವ ಭಯವಿತ್ತು. ಅದಕ್ಕೆ ಕಟ್ಟಿನ ಮೂಲೆಯಲ್ಲಿ ಬಟ್ಟೆಯನ್ನು ಸಣ್ಣಗೆ ಮಡಿಸಿ, ಪಟ್ಟಿಯನ್ನೂ ಆ ಸಾಲನ್ನೂ ಮಡಿಕೆಯ ಒಳಗೆ ಸೇರಿಸಿ ಹೊಲಿದೆ. ಸ್ಟಾಂಪು ಪೂರ್ತಿ ಹೊರಗೆ, ಬಟ್ಟೆಗೇ ಅಂಟಿಕೊಂಡು; ಸೆರಗು ಒಳಗೆ. ಮೂಲೆಯ ಸ್ಟಾಂಪಾದ್ದರಿಂದ ಎರಡು ಬದಿಯಿಂದಲೂ ಹಿಡಿತ. ಬಚ್ಚಲಿಗೆ ಒಯ್ದು ಒಂದು ಚೊಂಬು ನೀರು ಸುರಿದು ನೋಡಬೇಕೆಂದಿತ್ತು, ಕುಪ್ಪಾಯ ಒಳಗಿತ್ತಲ್ಲ, ಬಿಟ್ಟೆ.

ಪೋಸ್ಟ್ ಮಾಸ್ಟ್ರು ಕಟ್ಟನ್ನು ಬೆಳಕಿಗೆ ಹಿಡಿದರು. ಸ್ಟಾಂಪಿನ ಮೇಲೆ ಬೆರಳಾಡಿಸಿದರು. "ಸ್ಟಾಂಪಿಗೆ ತೂತಿಲ್ಲ. ಅಂಟಿದ್ದೂ ಕಟ್ಟಿಗೇ. ಬಟ್ಟೆಗೆ ಹೊಲಿಗೆ ಇದ್ರೆ ನಂಗೆಂತ?" ಎಂದು ಮುದ್ರೆ ಗುದ್ದಿದರು. ಅದರ ಸದ್ದು ನನಗೆ ಇಷ್ಟವಾಯಿತು.

ಆಮೇಲೆ ಕಾಯುವುದು. ಮಳೆ ಬಿಡಲಿಲ್ಲ. ಬ್ಯಾರಿ ಅಕ್ಕನ ಮನೆಯವರಿಗೂ ಮದುವೆಗೆ ಹೊಳೆ ದಾಟಲಾಗಲಿಲ್ಲ, ಹಾಗಾಗಿ ಸುದ್ದಿ ಹೇಳುವವರಿಲ್ಲ. ನಾನು ಹೊಲಿಯುತ್ತಿದ್ದೆ, ಕಿವಿ ಮಾತ್ರ ಜಗಲಿಯಲ್ಲಿತ್ತು.

ಒಂದು ಮಧ್ಯಾಹ್ನ ಅಂಚೆಯವನ ಸ್ವರ ಕೇಳಿಸಿತು. "ಮಾಸ್ಟ್ರೆ, ಒಂದು ಬಟ್ಟೆಯ ಕಟ್ಟು ಉಂಟು."

ಕತ್ತರಿ ಹಿಡಿದುಕೊಂಡೇ ಹೊರಗೆ ಬಂದೆ. ಮಾವನ ಕೈಯಲ್ಲಿ ಬಿಳಿ ಕಟ್ಟು. ಅವರು ನನ್ನನ್ನೊಮ್ಮೆ, ಮೇಲೆ ಅಟ್ಟದ ಕಡೆಗೊಮ್ಮೆ ನೋಡಿದರು. ಮಾವ ಕನ್ನಡಕ ಹಾಕಿಕೊಂಡು ವಿಳಾಸ ಓದಿದರು. ಬರಹ ನನ್ನದಲ್ಲ. ಬಂದದ್ದು ನನ್ನ ಹೆಸರಿಗೆ.

ಅದರ ಮೂಲೆಯಲ್ಲಿ ಬಟ್ಟೆಯ ಒಂದು ಮಡಿಕೆ. ಮಡಿಕೆಯ ಪಕ್ಕ ಎರಡು ಸ್ಟಾಂಪು. ಕೈಹೊಲಿಗೆ, ಹಸಿರು ನೂಲು.

ಬಿಚ್ಚಿದೆ. ಒಳಗೆ ಗಂಟು ಹಾಕಿದ ನೂಲುಗಳ ಒಂದು ದೊಡ್ಡ ಸಿಂಬೆ, ಬಣ್ಣಕ್ಕೊಬ್ಬರಂತೆ: ಮದುಮಗಳ ಅತ್ತೆ, ನಾದಿನಿಯರು, ಓರಗಿತ್ತಿ. ಜೊತೆಗೆ ಒಂದು ಚೀಟಿ. ಕುಪ್ಪಾಯ ಮದುವೆಗೆ ಎರಡು ದಿನ ಮೊದಲೇ ಮುಟ್ಟಿತು, ಮಳೆಯಲ್ಲಿ ನೆನೆದಿದ್ದರೂ ಸ್ಟಾಂಪು ಬಿದ್ದಿರಲಿಲ್ಲ, ಹೇಗೆಂದು ಬಿಚ್ಚಿ ನೋಡಿ, ಬದಿಯ ಸ್ಟಾಂಪನ್ನೇ ಕೇಳಿ ತರಿಸಿ, ನಾನೂ ಹಾಗೆಯೇ ಹೊಲಿದಿದ್ದೇನೆ ಎಂದು ಮದುಮಗಳು ಯಾರ ಕೈಯಲ್ಲೋ ಬರೆಸಿದ್ದಳು. ಹೊಳೆಯ ಆಚೆ, ನಾನು ಕಾಣದ ಮನೆಯಲ್ಲಿ, ನಾನು ಕಾಣದ ಹುಡುಗಿ ನನ್ನ ಹೊಲಿಗೆಯನ್ನು ಬಿಚ್ಚಿ ಕಲಿತಿದ್ದಳು. ನನಗಾದ ಹೆಮ್ಮೆಯನ್ನು ಮುಚ್ಚಿಡುವುದು ಯಾಕೆ? ಆ ಹೊತ್ತು ನನಗೆ ಸಮಾನ ಯಾರೂ ಇಲ್ಲ ಎಂದೇ ಅನಿಸಿತು. ಈಗಲೂ ಅನಿಸುತ್ತದೆ.

ಮಾವ ಬರಿದಾದ ಬಟ್ಟೆಯನ್ನು ಕೇಳಿ ತೆಗೆದುಕೊಂಡರು. ಹೆಬ್ಬೆರಳಿನ ಉಗುರಿನಿಂದ ಸ್ಟಾಂಪನ್ನು ಎಬ್ಬಿಸಲು ನೋಡಿದರು. ಬರಲಿಲ್ಲ. ಇನ್ನೊಮ್ಮೆ ನೋಡಿದರು.

"ಹೊಲಿಗೆ ನಿನ್ನಷ್ಟು ನೇರ ಇಲ್ಲ" ಎಂದು ಹೇಳಿ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಅಟ್ಟದ ಮಾತು ಮತ್ತೆ ಬರಲಿಲ್ಲ. ಮುಂದಿನ ತಿಂಗಳು ಮಾವ ಪಿಂಚಣಿಗೆಂದು ಪುತ್ತೂರಿಗೆ ಹೋದವರು ಸಂಜೆ ಒದ್ದೆ ಕೊಡೆಯೊಂದಿಗೆ ಬಂದರು. ಅಂಗಿಯೊಳಗಿನಿಂದ ಒಂದು ಪುಸ್ತಕ ತೆಗೆದು, ಅದರ ನಡುವಿನಿಂದ ನೆನೆಯದ ಹಾಗೆ ಇಟ್ಟಿದ್ದ ಸ್ಟಾಂಪಿನ ಒಂದು ಇಡೀ ಸಾಲನ್ನು ಮೆಷಿನಿನ ಮೇಲೆ ಹಾಸಿದರು. ಹಾಳೆಯ ಕೆಳಗಿನ ಸಾಲು ಅದು, ಎರಡೂ ಮೂಲೆ ಸಮೇತ. ಬಿಳಿ ಪಟ್ಟಿ ಒಂದು ಕಡೆಯೂ ಹರಿದಿರಲಿಲ್ಲ.

"ಆ ಗುಮಾಸ್ತ ನಗಾಡಿದ. ನಿಮಗೂ ಸೆರಗಿಂದೇ ಬೇಕಾ ಮಾಸ್ಟ್ರೆ ಅಂತ ಕೇಳಿದ" ಎಂದರು.

"ಎಂತ ಹೇಳಿದ್ರಿ ಮಾವ?"

"ಎಂತ ಹೇಳುದು? ನಮ್ಮ ಮನೆದ್ದು ಸೆರಗಿಲ್ಲದೆ ಹೊರಗೆ ಹೋಗುದಿಲ್ಲ ಅಂತ ಹೇಳಿದೆ."