ಕ್ಲಚ್ಚಿಗೆ ಹಾಕಿದ ಕೆಂಪು ಎಣ್ಣೆ

ಕರ್ರ್ರ್— ಗೇರು ಬೀಳದೆ ಹಲ್ಲಿಗೆ ಹಲ್ಲು ಉಜ್ಜಿದ ಆ ಸದ್ದು. ರಿಫಾದ ಸಿಗ್ನಲ್ಲಿನಲ್ಲಿ, ಹಿಂದಿನ ಕಾರುಗಳೆಲ್ಲ ಹಾರ್ನ್ ಬಾರಿಸುತ್ತಿರಲು, ನನ್ನ ಗಂಡ ರಾಬರ್ಟ್ ಕ್ಲಚ್ಚನ್ನು ಒತ್ತಿ ಒತ್ತಿ ಬೆವರಿದ ಮಧ್ಯಾಹ್ನದ ಸದ್ದು. ಶೆಟ್ರೇ, ಅದಕ್ಕೆ ನಿಮ್ಮ ಕೈಕೆಲಸ ಕಾರಣವಲ್ಲ. ಆ ಕ್ಲಚ್ಚನ್ನು ಕೆಡಿಸಿದವಳು ನಾನು. ಮುಟ್ಟಿಯೇ ಇಲ್ಲವೆಂದು ನಿಮ್ಮ ಮುಖಕ್ಕೆ ಹೇಳಿದವಳೂ ನಾನೇ.

ಫೋನಿನಲ್ಲಿ ಹೇಳಬಹುದಿತ್ತು. ನೀವು ಊರಿಗೆ ಹೋಗಿ ನೆಲೆಸಿದ ಮೇಲೆ ನಾನು ನಿಮಗೆ ಎರಡು ಸಲ ಫೋನ್ ಮಾಡಿದೆ, ನೀವು ಹಲೋ ಎಂದೊಡನೆ ಕಟ್ ಮಾಡಿದೆ. ಈ ವಯಸ್ಸಿನಲ್ಲಿ! ವಾಟ್ ನಾನ್ಸೆನ್ಸ್. ಆದರೆ ರಾಬರ್ಟ್ ನಿಮ್ಮನ್ನು ದೂರಿದ್ದು ಇಲ್ಲಿನ ನಮ್ಮ ಈ ಕನ್ನಡ ಸಂಘದ ಪ್ರತಿಯೊಂದು ಪಿಕ್ನಿಕ್ಕಿನಲ್ಲಿ, ಪ್ರತಿಯೊಂದು ಊಟದ ಮೇಜಿನಲ್ಲಿ. ಹಾಗಾಗಿ ನಿಜವನ್ನೂ ಸಂಘದ ಸಂಚಿಕೆಯಲ್ಲೇ ಬರೆಯುತ್ತಿದ್ದೇನೆ. ಅದು ನಿಮಗೆ ಈಗಲೂ ಅಂಚೆಯಲ್ಲಿ ಬರುತ್ತದಂತೆ.

ಗೊತ್ತಿಲ್ಲದವರಿಗಾಗಿ— ರಾಬರ್ಟನ ಬಳಿ ಅಮೆರಿಕದ ಒಂದು ಹಳೆಯ ಮಸಲ್ ಕಾರು ಇತ್ತು. ಉದ್ದ ಮೂತಿ, ನೀಲಿ ಬಣ್ಣ, ಅಕ್ಕಪಕ್ಕದ ಕಿಟಕಿಗಳನ್ನೆಲ್ಲ ನಡುಗಿಸುವ ಎಂಜಿನ್. ನನಗೆ ಅದನ್ನು ಕಂಡರಾಗದು. ನನ್ನ ಗಂಡನಿಗೆ ಅದೇ ಪ್ರಾಣ. ಮೊಣಕಾಲಿನ ಆಪರೇಷನ್ ಆದ ಮೇಲೆ ಅದರ ಕ್ಲಚ್ ಒತ್ತಲು ಅವನಿಂದ ಆಗಲಿಲ್ಲ, ಅಷ್ಟು ಗಟ್ಟಿ. "ಆಟೋಮ್ಯಾಟಿಕ್ ಮಾಡಿಸಿಬಿಡಿ," ಎಂದೆ ನಾನು. ಶೆಟ್ಟರು ಬಿದ್ದು ಬಿದ್ದು ನಕ್ಕರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವಂತೆ ಅವರಿಗೆ ರಾಬರ್ಟ್ 'ಪೊರ್ಬು', ನಾನು 'ಬಾಯಮ್ಮ'.

"ಆಟೋಮ್ಯಾಟಿಕ್ ಹಾಕಿದ್ರೆ ಅದು ಕಾರು ಎಂತದು ಬಾಯಮ್ಮಾ? ಅದು ಸೋಫಾ! ಪೊರ್ಬುಗಳೇ, ನೀವು ಸುಮ್ಮನಿರಿ. ಐದು ಗೇರಿನ ಹೊಸ ಬಾಕ್ಸ್ ತರಿಸುವ. ಕ್ಲಚ್ಚಿಗೆ ಹೈಡ್ರಾಲಿಕ್ ಮಾಡುವ. ಹೆಬ್ಬೆರಳಲ್ಲಿ ಒತ್ತಿದ್ರೂ ಸಾಕು."

ಶೆಟ್ಟರು ಒಂದು ಕಾರ್ ಕಂಪನಿಯಲ್ಲಿ ಸರ್ವಿಸ್ ಮ್ಯಾನೇಜರ್; ನಾವು ಕೊಲ್ಲಿಯ ಈ ದ್ವೀಪಕ್ಕೆ ಬಂದಂದಿನಿಂದ ರಾಬರ್ಟನ ಜೀವದ ಗೆಳೆಯ. ಶುಕ್ರವಾರ ಬಂತೆಂದರೆ ನಮ್ಮ ಮನೆಯ ಶೆಡ್ಡಿನಲ್ಲಿ ಇಬ್ಬರೂ ಕಾರಿನ ಅಡಿಗೆ ಮಲಗಿ, ಹಳೆಯ ಗೇರ್‌ಬಾಕ್ಸ್ ಇಳಿಸಿ, ಫ್ಲೈವೀಲ್ ಉಜ್ಜಿಸಿ ತಂದು, ಹೊಸ ಪ್ಲೇಟ್ ಕೂರಿಸಿ— ನನಗೆ ಕಾಣುತ್ತಿದ್ದುದು ನಾಲ್ಕು ಕಾಲುಗಳು, ಕೇಳುತ್ತಿದ್ದುದು ತುಳುವಿನಲ್ಲಿ ಬೈಗುಳ ಮತ್ತು ನಗು. ನನ್ನ ತಿಂಡಿ ತಟ್ಟೆಗಳಿಗೆಲ್ಲ ಗ್ರೀಸು. ಐ ವಾಸ್ ಸೋ ಕ್ರಾಸ್ ವಿತ್ ದೆಮ್.

ಆದರೆ ಕೆಲಸ ಮುಗಿದ ದಿನ ರಾಬರ್ಟ್ ನನ್ನ ಕೈ ಹಿಡಿದು ಪೆಡಲನ್ನು ಒತ್ತಿಸಿದ. ಬೆಣ್ಣೆ. ನಿಜಕ್ಕೂ ಬೆಣ್ಣೆಯ ಹಾಗಿತ್ತು.

ಹೊರಡುವಾಗ ಶೆಟ್ಟರು ಬಾನೆಟ್ ತೆರೆದು ನನಗೆ ಕ್ಲಚ್ಚಿನ ಎಣ್ಣೆಯ ಸಣ್ಣ ಡಬ್ಬಿಯನ್ನು ತೋರಿಸಿದರು. "ಬಾಯಮ್ಮಾ, ಪೊರ್ಬು ಮರೀತಾರೆ. ನೀವೇ ನೋಡಿ. ಹೊಸತರಲ್ಲಿ ಇದು ಸ್ವಲ್ಪ ಇಳಿಯುತ್ತೆ. ಇಳಿದ್ರೆ ಬ್ರೇಕ್ ಎಣ್ಣೆ ಹಾಕಿ."

ಬ್ರೇಕ್ ಎಣ್ಣೆ. ನಾನು ಒಳಗೇ ನಕ್ಕೆ. ನನ್ನ ಕಾನ್ವೆಂಟಿನ ಸಿಸ್ಟರುಗಳು ಪದಕ್ಕೊಂದು ಅರ್ಥ, ಅರ್ಥಕ್ಕೊಂದು ಪದ ಎಂದು ಕಲಿಸಿದ್ದರು. ಶೆಟ್ಟರ ಇಂಗ್ಲಿಷನ್ನು ನಾನು ತಿದ್ದುವುದು, ಅವರು "ಸಾರಿ ಟೀಚರ್" ಎನ್ನುವುದು ಮನೆಯ ಹಳೆಯ ತಮಾಷೆ. ಕ್ಲಚ್ಚಿಗೆ ಯಾರಾದರೂ ಬ್ರೇಕಿನ ಎಣ್ಣೆ ಹಾಕುತ್ತಾರೆಯೇ? ಬಾಯಿತಪ್ಪಿ ಅಂದಿದ್ದಾರೆ, ಪಾಪ.

ಕೆಲವು ದಿನಗಳ ಮೇಲೆ ಡಬ್ಬಿ ಇಳಿದಿತ್ತು. ಶೆಲ್ಫಿನಲ್ಲಿ ಎರಡು ಬಾಟಲಿ. ಒಂದರ ಲೇಬಲ್ಲಿನಲ್ಲಿ ಬ್ರೇಕ್ ಫ್ಲೂಯಿಡ್; ಇನ್ನೊಂದು, ಹೊಸ ಗೇರ್‌ಬಾಕ್ಸಿಗೆ ಸುರಿದು ಉಳಿದದ್ದು, ಟ್ರಾನ್ಸ್‌ಮಿಷನ್ ಫ್ಲೂಯಿಡ್. ಕ್ಲಚ್ಚು ಟ್ರಾನ್ಸ್‌ಮಿಷನ್ನಿಗೆ ಸೇರಿದ್ದು, ಅಷ್ಟು ನನಗೆ ಗೊತ್ತಿತ್ತು. ಓದಬಲ್ಲವಳಲ್ಲವೇ? ಕೆಂಪು ಎಣ್ಣೆಯನ್ನು ಕತ್ತಿನವರೆಗೆ ತುಂಬಿದೆ.

ಅಂಥ ಕ್ಲಚ್ಚಿಗೆ ಹಾಕಬೇಕಾದ್ದು ಬ್ರೇಕ್ ಎಣ್ಣೆಯನ್ನೇ ಅಂತೆ; ಕೆಂಪು ಎಣ್ಣೆ ಅದರೊಳಗಿನ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದಂತೆ. ವಾರ ಕಳೆಯುವುದರೊಳಗೆ ಆ ಸಿಗ್ನಲ್ಲು, ಆ ಸದ್ದು. ಟೋ ಮಾಡಿಸಿ ಕಾರನ್ನು ಮನೆಗೆ ತಂದೆವು. ರಾಬರ್ಟ್ ಸಿಟ್ಟಿನಲ್ಲಿ ಸ್ಪೀಕರ್ ಹಾಕಿ ಫೋನ್ ಮಾಡಿದ.

"ಡಬ್ಬಿಯಲ್ಲಿ ಎಣ್ಣೆ ಯಾವ ಬಣ್ಣ ಉಂಟು ನೋಡಿ ಪೊರ್ಬುಗಳೇ," ಎಂದಿತು ಶೆಟ್ಟರ ದನಿ. "ಕೆಂಪಿದ್ರೆ ಸತ್ತೆವು."

"ನೀನೇ ಬಂದು ನೋಡು ಮಾರಾಯ!" ಎಂದು ಫೋನನ್ನು ಕುಕ್ಕಿ ರಾಬರ್ಟ್ ಸ್ನಾನಕ್ಕೆ ಹೋದ.

ಶೆಟ್ಟರು ಮನಾಮಾದಿಂದ ಬರುವಷ್ಟರಲ್ಲಿ— ಇದನ್ನು ಬರೆಯಲು ಕೈ ಬರುತ್ತಿಲ್ಲ— ನಾನು ಔಷಧಿಯ ಸಿರಿಂಜಿನಿಂದ ಡಬ್ಬಿಯ ಕೆಂಪನ್ನೆಲ್ಲ ಹೀರಿ ತೆಗೆದು, ಟಿಶ್ಯೂವಿನಿಂದ ಒರೆಸಿ, ಬ್ರೇಕ್ ಎಣ್ಣೆ ತುಂಬಿಟ್ಟೆ. ತಪ್ಪು ಎಣ್ಣೆ ಹಾಕಿದ್ದು ತಿಳಿಗೇಡಿತನ. ಇದು ಹಾಗಲ್ಲ. ಇದನ್ನು ಚೆನ್ನಾಗಿ ತಿಳಿದೇ ಮಾಡಿದೆ.

ಶೆಟ್ಟರು ಗೇರ್‌ಬಾಕ್ಸನ್ನು ಮತ್ತೆ ಇಳಿಸಿದರು. ಉಬ್ಬಿದ ರಬ್ಬರ್ ರಿಂಗನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದಕ್ಕೆ ಬೇರೆ ಎಣ್ಣೆ ಮುಟ್ಟಿದೆ. ಬಾಯಮ್ಮಾ, ನೀವು ಎಂತಾದ್ರೂ—?"

ಕನ್ನಡದಲ್ಲಿ ಕೇಳಿದರು. ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ. "ನೋ, ಮಿಸ್ಟರ್ ಶೆಟ್ಟಿ. ಐ ನೆವರ್ ಟಚ್ಡ್ ಇಟ್."

ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಅವರನ್ನು ಮಿಸ್ಟರ್ ಎಂದಿರಲಿಲ್ಲ.

"ನಿನ್ನ ಕೆಲಸ ಕೆಟ್ಟಿತು, ಈಗ ನನ್ನ ಹೆಂಡತಿಯನ್ನು ಸುಳ್ಳಿ ಅಂತೀಯಾ?" ಎಂದ ರಾಬರ್ಟ್.

ನೀವು ನನ್ನನ್ನು ನೋಡಿದಿರಿ, ಶೆಟ್ರೇ. ನಿಮಗೆ ಗೊತ್ತಾಗಿತ್ತು. ಕೂಗಾಡಬಾರದಿತ್ತೇ? ಕೆಂಪು ಎಣ್ಣೆಯ ಬಾಟಲಿಯನ್ನು ಎತ್ತಿ ಎಷ್ಟು ಖಾಲಿಯಾಗಿದೆ ಎಂದು ತೋರಿಸಬಾರದಿತ್ತೇ? ನಿಮ್ಮ ಆ ಮರ್ಯಾದೆಯ ಮೇಲೆ ನನಗೆ ಇಂದಿಗೂ ಸಿಟ್ಟು ಬರುತ್ತದೆ— ನೋಡಿ, ಅಪರಾಧಿ ನಾನು, ಸಿಟ್ಟು ನಿಮ್ಮ ಮೇಲೆ. ಕೈ ಒರೆಸಿಕೊಂಡು ಹೊರಟುಹೋದಿರಿ. ಶುಕ್ರವಾರಗಳು ನಿಂತವು. ಬೇರೆಯವರು ಕಾರನ್ನು ಮುಟ್ಟಲು ರಾಬರ್ಟ್ ಬಿಡಲಿಲ್ಲ, ನಿಮ್ಮನ್ನು ಕರೆಯಲೂ ಇಲ್ಲ. ಶೆಡ್ಡಿನಲ್ಲಿ ಒಬ್ಬನೇ ಕುರ್ಚಿ ಹಾಕಿ ಕೂರುತ್ತಿದ್ದ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಪ್ರತಿದಿನ ಅದು ಗಂಟಲವರೆಗೆ ಬರುತ್ತಿತ್ತು, ಪ್ರತಿದಿನ ನಾನು ಬೇರೇನೋ ಮಾತಾಡುತ್ತಿದ್ದೆ. ಅವನು ಹೋಗುವವರೆಗೂ ನೀವು ಕೆಟ್ಟ ಕೆಲಸಗಾರನೆಂದೇ ನಂಬಿದ್ದ. ಆ ನಂಬಿಕೆಯನ್ನು ಈಗ ನಾನು ಯಾರ ಬಳಿ ತಿದ್ದಲಿ?

ನಿಮ್ಮನ್ನು ಕೊನೆಯ ಸಲ ನೋಡಿದ್ದು ಮನಾಮಾದ ಇಗರ್ಜಿಯಲ್ಲಿ, ಅವನ ಅಂತ್ಯಕ್ರಿಯೆಯ ದಿನ. ಹಿಂದಿನ ಬೆಂಚಿನಲ್ಲಿ ಕೂತಿದ್ದಿರಿ, ಯಾವಾಗ ಏಳಬೇಕು ಯಾವಾಗ ಮೊಣಕಾಲೂರಬೇಕು ತಿಳಿಯದೆ ಅಕ್ಕಪಕ್ಕ ನೋಡುತ್ತ. ಎಲ್ಲ ಮುಗಿದ ಮೇಲೆ ಇಗರ್ಜಿಯ ಸಭಾಂಗಣದಲ್ಲಿ ನನ್ನೆದುರು ಬಂದು ನಿಂತಿರಿ. "ಪೊರ್ಬು ಒಂದು ಫೋನ್ ಮಾಡಬಹುದಿತ್ತು," ಎಂದಿರಿ. ನಿಮ್ಮ ಕಣ್ಣುಗಳು ಕೆಂಪಾಗಿದ್ದವು. ಸುತ್ತ ಯಾರೂ ಇರಲಿಲ್ಲ, ನೀವು ಕಾಯುತ್ತಿದ್ದಿರಿ. ನಾನು ಬಾಯಿ ತೆರೆದೆ. ನಿಮಗೆ ಚಹಾ ಸಿಕ್ಕಿತೇ ಎಂದು ಕೇಳಿದೆ.